ಮರದ ಕಡೆತದ ವಿನ್ಯಾಸದಲ್ಲಿ ಸುವರ್ಣ ಅನುಪಾತ

ಮರದ ಕಡೆತದಲ್ಲಿ ಸುವರ್ಣ ಅನುಪಾತದ ಬಳಕೆ ಎಂದರೆ, ಲೇತ್ ಯಂತ್ರದ ಮೇಲೆ ಮರವನ್ನು ತಿರುಗಿಸಿ ಉಳಿಯಿಂದ ಕಡೆದು ಮಾಡುವ ಬಟ್ಟಲು, ಹೂದಾನಿ, ಕರಡಿಗೆ, ಮೇಜಿನ ಕಾಲು ಮೊದಲಾದ ವಸ್ತುಗಳ ಎತ್ತರ, ಅಗಲ, ಪಾದ, ಕೊರಳು ಇತ್ಯಾದಿ ಅಳತೆಗಳನ್ನು ಸುಮಾರು 1.618 : 1 ಎಂಬ ಪ್ರಮಾಣದಲ್ಲಿ ಇರಿಸುವ ವಿನ್ಯಾಸ ಕ್ರಮ. ಇದು ಕಡೆತದ ಏಕೈಕ ನಿಯಮವಲ್ಲ. ಮೂರನೇ ಒಂದು ಭಾಗದ ನಿಯಮ, ಪೂರ್ಣಸಂಖ್ಯೆಗಳ ಅನುಪಾತಗಳು ಹಾಗೂ ಕಣ್ಣಂದಾಜು ಇವುಗಳ ಜೊತೆಯಲ್ಲಿ ಬಳಕೆಯಲ್ಲಿರುವ ಒಂದು ಮಾರ್ಗಸೂಚಿಯಾಗಿದೆ. ಈ ಅನುಪಾತದಲ್ಲಿರುವ ವಸ್ತು ತಾನಾಗಿಯೇ ಸುಂದರವಾಗಿರುತ್ತದೆ ಎಂಬ ಮಾತಿಗೆ ದೃಢವಾದ ಆಧಾರವಿಲ್ಲ. ಆದರೂ ಅಳತೆಗಳನ್ನು ಆರಂಭದಲ್ಲಿಯೇ ನಿಶ್ಚಯಿಸಿಕೊಳ್ಳಲು ಅದು ನೆರವಾಗುತ್ತದೆ. ಒಮ್ಮೆ ಕಡೆದು ತೆಗೆದ ಮರವನ್ನು ಮರಳಿ ಅಂಟಿಸಲಾಗದ ಈ ಕಸುಬಿನಲ್ಲಿ ಇಂತಹ ಪೂರ್ವನಿಶ್ಚಯಕ್ಕೆ ವಿಶೇಷ ಬೆಲೆಯಿದೆ.

ಅನುಪಾತದ ಸ್ವರೂಪ

ಒಂದು ರೇಖೆಯನ್ನು ಎರಡು ಅಸಮ ಭಾಗಗಳಾಗಿ ಮಾಡಿದಾಗ, ಇಡೀ ರೇಖೆಗೂ ದೊಡ್ಡ ಭಾಗಕ್ಕೂ ಇರುವ ಅನುಪಾತವು ದೊಡ್ಡ ಭಾಗಕ್ಕೂ ಚಿಕ್ಕ ಭಾಗಕ್ಕೂ ಇರುವ ಅನುಪಾತಕ್ಕೆ ಸಮನಾದರೆ ಅದನ್ನು ಸುವರ್ಣ ಅನುಪಾತ ಎನ್ನುತ್ತಾರೆ. ಇದರ ಬೆಲೆ 5ರ ವರ್ಗಮೂಲಕ್ಕೆ 1 ಸೇರಿಸಿ 2ರಿಂದ ಭಾಗಿಸಿದಾಗ ಬರುವ 1.6180339... ಎಂಬ ಅಭಾಗಲಬ್ಧ ಸಂಖ್ಯೆ. ಇದನ್ನು ಗ್ರೀಕ್ ಅಕ್ಷರವಾದ 'ಫೈ'ಯಿಂದ ಸೂಚಿಸುವುದು ರೂಢಿ.

ಕುಶಲಕರ್ಮಿಗೆ ಉಪಯುಕ್ತವಾದ ಗುಣಗಳು ಮೂರು:

1. ಇದರ ವಿಲೋಮ 0.618. ಅಂದರೆ ಯಾವುದೇ ಅಳತೆಯನ್ನು 0.618ರಿಂದ ಗುಣಿಸಿದರೆ ಅದರ ಮುಂದಿನ ಚಿಕ್ಕ ಅಳತೆ ದೊರೆಯುತ್ತದೆ.

2. 0.618ನ್ನು ಮತ್ತೊಮ್ಮೆ 0.618ರಿಂದ ಗುಣಿಸಿದರೆ 0.382 ಬರುತ್ತದೆ, 0.618 ಮತ್ತು 0.382ರ ಮೊತ್ತ 1. ಆದ್ದರಿಂದ ಎರಡು ಕ್ರಮಾಗತ ಚಿಕ್ಕ ಅಳತೆಗಳನ್ನು ಒಂದರ ಮೇಲೊಂದು ಇಟ್ಟರೆ ಅವುಗಳ ಹಿಂದಿನ ದೊಡ್ಡ ಅಳತೆ ಸರಿಯಾಗಿ ತುಂಬುತ್ತದೆ.

3. ಫಿಬೊನಾಚಿ ಸರಣಿಯ (1, 1, 2, 3, 5, 8, 13, 21...) ಪಕ್ಕಪಕ್ಕದ ಸಂಖ್ಯೆಗಳ ಅನುಪಾತವು ಸರಣಿ ಮುಂದುವರಿದಂತೆ ಈ ಬೆಲೆಯನ್ನು ಸಮೀಪಿಸುತ್ತದೆ. 5ಕ್ಕೆ 3ರ ಅನುಪಾತ 1.667, 8ಕ್ಕೆ 5ರದು 1.6, 13ಕ್ಕೆ 8ರದು 1.625. ಹೀಗಾಗಿ ದಶಮಾಂಶಗಳ ಗೊಡವೆಯಿಲ್ಲದೆ 3, 5, 8, 13 ಎಂಬ ಪೂರ್ಣಸಂಖ್ಯೆಗಳಿಂದಲೇ ಕೆಲಸ ಸಾಗಿಸಬಹುದು.

ಇತಿಹಾಸ

ಕ್ರಿ.ಪೂ. 300ರ ಸುಮಾರಿನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಆರನೆಯ ಭಾಗದಲ್ಲಿ ಈ ವಿಭಜನೆಯ ವ್ಯಾಖ್ಯೆಯನ್ನು ನೀಡಿದ್ದಾನೆ. ಅವನಿಗೆ ಇದು ಶುದ್ಧ ರೇಖಾಗಣಿತದ ವಿಷಯವಾಗಿತ್ತು. ಸೌಂದರ್ಯದ ಪ್ರಸ್ತಾಪ ಅಲ್ಲಿಲ್ಲ. ಇಟಲಿಯ ಲೂಕಾ ಪಚಿಯೋಲಿಯು ಇದನ್ನು ದೈವಿಕ ಅನುಪಾತವೆಂದು ಕರೆದು ಬರೆದ ಗ್ರಂಥವು 1509ರಲ್ಲಿ ವೆನಿಸ್ ನಗರದಲ್ಲಿ ಮುದ್ರಣಗೊಂಡಿತು. ಅದರಲ್ಲಿನ ಘನಾಕೃತಿಗಳ ಚಿತ್ರಗಳು ಲಿಯೊನಾರ್ಡೊ ಡ ವಿಂಚಿಯ ರಚನೆಗಳನ್ನು ಆಧರಿಸಿವೆ. 'ಸುವರ್ಣ' ಎಂಬ ವಿಶೇಷಣ ಇದಕ್ಕಿಂತ ಈಚಿನದು. ಜರ್ಮನ್ ಗಣಿತಜ್ಞ ಮಾರ್ಟಿನ್ ಓಮ್ 1835ರ ತನ್ನ ಪುಸ್ತಕದಲ್ಲಿ ಇದನ್ನು ಬಳಸಿದ್ದಾನೆ.

ಫಿಬೊನಾಚಿ ಎಂದು ಪ್ರಸಿದ್ಧನಾದ ಪೀಸಾ ನಗರದ ಲಿಯೊನಾರ್ಡೊ 1202ರ ತನ್ನ ಗ್ರಂಥದಲ್ಲಿ ಮೇಲಿನ ಸಂಖ್ಯಾಸರಣಿಯನ್ನು ವಿವರಿಸಿದನು. ಅದಕ್ಕೂ ಮೊದಲೇ ಭಾರತದ ಛಂದಃಶಾಸ್ತ್ರಜ್ಞರಾದ ವಿರಹಾಂಕ ಮತ್ತು 12ನೆಯ ಶತಮಾನದ ಜೈನ ವಿದ್ವಾಂಸ ಹೇಮಚಂದ್ರರು ಲಘು-ಗುರುಗಳ ಲೆಕ್ಕದಲ್ಲಿ ಇದನ್ನು ಕಂಡುಕೊಂಡಿದ್ದರು. ಮೂರು ಮಾತ್ರೆಯ ಗಣಕ್ಕೆ 3 ರೂಪ, ನಾಲ್ಕು ಮಾತ್ರೆಯ ಗಣಕ್ಕೆ 5 ರೂಪ, ಐದು ಮಾತ್ರೆಯ ಗಣಕ್ಕೆ 8 ರೂಪಗಳು ಎಂಬ, ಕನ್ನಡ ವ್ಯಾಕರಣದ ವಿದ್ಯಾರ್ಥಿಗಳಿಗೆ ಪರಿಚಿತವಾದ ಎಣಿಕೆಯು ಇದೇ ಸರಣಿಯ ಒಂದು ತುಣುಕು.

ಸುವರ್ಣ ಅನುಪಾತವು ಕಲೆ ಮತ್ತು ಪ್ರಕೃತಿಗಳ ಸಾರ್ವತ್ರಿಕ ನಿಯಮ ಎಂಬ ವಾದ ಬಲಗೊಂಡದ್ದು 19ನೆಯ ಶತಮಾನದಲ್ಲಿ, ಮುಖ್ಯವಾಗಿ ಜರ್ಮನಿಯ ಅಡಾಲ್ಫ್ ಟ್ಸೈಸಿಂಗ್ 1854ರಲ್ಲಿ ಪ್ರಕಟಿಸಿದ ಬರಹದ ನಂತರ. ಕಡೆತಕ್ಕೆ ಹತ್ತಿರವಾದ ಅಧ್ಯಯನವೆಂದರೆ ಅಮೆರಿಕದ ಜೇ ಹ್ಯಾಂಬಿಜ್ 1920ರಲ್ಲಿ ಪ್ರಕಟಿಸಿದ, ಗ್ರೀಕ್ ಮಣ್ಣಿನ ಪಾತ್ರೆಗಳ ಕುರಿತ ಪುಸ್ತಕ. ಪಾತ್ರೆಯ ಎತ್ತರ, ಅಗಲ, ಕೊರಳು ಮತ್ತು ಪಾದಗಳನ್ನು ಸುವರ್ಣ ಆಯತ ಹಾಗೂ ವರ್ಗಮೂಲ ಆಯತಗಳೊಳಗೆ ಕೂರಿಸಿ ಅವನು ವಿಶ್ಲೇಷಿಸಿದನು. ಕುಂಬಾರನ ತಿಗುರಿಯಿಂದ ಹುಟ್ಟಿದ ಪಾತ್ರೆಯೂ ಲೇತಿನಿಂದ ಹುಟ್ಟಿದ ಪಾತ್ರೆಯೂ ಒಂದೇ ಅಕ್ಷದ ಸುತ್ತ ತಿರುಗಿ ಆಕಾರ ಪಡೆಯುವುದರಿಂದ, ಈ ಬಗೆಯ ವಿಶ್ಲೇಷಣೆ ಮರದ ಕಡೆತಕ್ಕೂ ಸುಲಭವಾಗಿ ಹೊಂದುತ್ತದೆ. ಗ್ರೀಕ್ ಕುಂಬಾರರು ನಿಜವಾಗಿಯೂ ಹೀಗೆ ಲೆಕ್ಕ ಹಾಕುತ್ತಿದ್ದರೇ ಎಂಬುದು ಮಾತ್ರ ವಿವಾದಕ್ಕೆ ಒಳಗಾಗಿದೆ.

ಕಡೆತಕ್ಕೆ ಅನುಪಾತ ಏಕೆ ಮುಖ್ಯ

ಲೇತಿನ ಮೇಲೆ ಕಡೆದ ವಸ್ತುವಿನ ಅಡ್ಡಕೊಯ್ತ ಎಲ್ಲೆಡೆಯೂ ವೃತ್ತವೇ. ಆದ್ದರಿಂದ ಅದರ ಹೊರರೂಪವನ್ನು ನಿರ್ಧರಿಸುವುದು ಎರಡೇ ಸಂಗತಿಗಳು: ಅಕ್ಷದ ಉದ್ದಕ್ಕೂ ಎಷ್ಟು ದೂರ, ಮತ್ತು ಅಲ್ಲಿ ಎಷ್ಟು ವ್ಯಾಸ. ಕೆತ್ತನೆಯಲ್ಲಾಗಲಿ ಪೀಠೋಪಕರಣದಲ್ಲಾಗಲಿ ಇರುವ ಅನೇಕ ಆಯ್ಕೆಗಳು ಇಲ್ಲಿಲ್ಲ. ಆಯ್ಕೆಗಳು ಕಡಿಮೆಯಾದಷ್ಟೂ ಪ್ರತಿಯೊಂದರ ಭಾರ ಹೆಚ್ಚು. ಪಾದ ಸ್ವಲ್ಪ ಅಗಲವಾದರೆ ಬಟ್ಟಲು ಕುಕ್ಕರಿಸಿದಂತೆ ಕಾಣುತ್ತದೆ, ಸ್ವಲ್ಪ ಕಿರಿದಾದರೆ ಉರುಳುವಂತೆ ತೋರುತ್ತದೆ.

ಎರಡು ಭಾಗಗಳು ಬಹುತೇಕ ಸಮವಾಗಿದ್ದರೆ ಯಾವುದು ಪ್ರಧಾನ ಎಂಬುದು ಕಣ್ಣಿಗೆ ಸ್ಪಷ್ಟವಾಗುವುದಿಲ್ಲ. ಒಂದು ಇನ್ನೊಂದರ ಮೂರು ನಾಲ್ಕು ಪಟ್ಟು ಆದಾಗ ಚಿಕ್ಕದು ಅಂಟಿಸಿದಂತೆ ತೋರುತ್ತದೆ. 1.5ರಿಂದ 1.7ರವರೆಗಿನ ಅಂತರದಲ್ಲಿ ದೊಡ್ಡದು ದೊಡ್ಡದಾಗಿಯೂ ಚಿಕ್ಕದು ಅದರ ಸಂಬಂಧಿಯಾಗಿಯೂ ಕಾಣುತ್ತದೆ. ಸುವರ್ಣ ಅನುಪಾತ ಈ ವಲಯದೊಳಗೆ ಬೀಳುವುದರಿಂದಲೇ ಅದು ಕುಶಲಕರ್ಮಿಗಳಿಗೆ ಉಪಯುಕ್ತವಾಗಿದೆ.

ಅಳತೆ ಕಂಡುಕೊಳ್ಳುವ ವಿಧಾನಗಳು

ಗುಣಾಕಾರ: ಅತಿ ದೊಡ್ಡ ಅಳತೆಯಿಂದ ಆರಂಭಿಸಿ 0.618ರಿಂದ ಗುಣಿಸುತ್ತ ಹೋಗುವುದು. ಮಿಲಿಮೀಟರುಗಳಲ್ಲಿ ಕೆಲವು ಸಾಲುಗಳು:

300 – 185 – 115 – 71 – 44
240 – 148 – 92 – 57 – 35
160 – 99 – 61 – 38 – 23
100 – 62 – 38 – 24 – 15

ಕೈವಾರ ಮತ್ತು ಪಟ್ಟಿ: ಅಬ ಎಂಬ ರೇಖೆಯನ್ನು ಎಳೆದು, ಬ ಬಿಂದುವಿನಲ್ಲಿ ಅದಕ್ಕೆ ಲಂಬವಾಗಿ ಅಬದ ಅರ್ಧದಷ್ಟು ಉದ್ದದ ಬಕ ರೇಖೆಯನ್ನು ಎಳೆಯಬೇಕು. ಅ ಮತ್ತು ಕಗಳನ್ನು ಸೇರಿಸಬೇಕು. ಕ ಕೇಂದ್ರವಾಗಿ ಕಬ ತ್ರಿಜ್ಯದಿಂದ ಎಳೆದ ಕಂಸವು ಅಕ ರೇಖೆಯನ್ನು ಗ ಎಂಬಲ್ಲಿ ಛೇದಿಸುತ್ತದೆ. ಅ ಕೇಂದ್ರವಾಗಿ ಅಗ ತ್ರಿಜ್ಯದಿಂದ ಎಳೆದ ಕಂಸವು ಅಬ ರೇಖೆಯನ್ನು ಚ ಎಂಬಲ್ಲಿ ಛೇದಿಸುತ್ತದೆ. ಅಚ ಎಂಬುದು ಅಬದ 0.618 ಭಾಗ.

ಅನುಪಾತ ಕೈವಾರ: 262 ಮಿ.ಮೀ. ಉದ್ದದ ಎರಡು ತೆಳು ಪಟ್ಟಿಗಳ ಎರಡೂ ತುದಿಗಳನ್ನು ಚೂಪು ಮಾಡಿ, ಒಂದು ತುದಿಯಿಂದ 100 ಮಿ.ಮೀ. ದೂರದಲ್ಲಿ ರಂಧ್ರ ಕೊರೆದು ತಿರುಪಿನಿಂದ ಕತ್ತರಿಯಂತೆ ಜೋಡಿಸಿದರೆ ಈ ಸಾಧನ ಸಿದ್ಧವಾಗುತ್ತದೆ. ಸಮರೂಪ ತ್ರಿಭುಜಗಳ ಗುಣದಿಂದ, ಎಷ್ಟೇ ತೆರೆದರೂ ಉದ್ದ ಕಾಲುಗಳ ತುದಿಗಳ ನಡುವಿನ ಅಂತರವು ಗಿಡ್ಡ ಕಾಲುಗಳ ಅಂತರದ 1.62ರಷ್ಟಿರುತ್ತದೆ. ಅಂಕಿಗಳ ಸಹಾಯವಿಲ್ಲದೆ ಮರದ ತುಂಡಿನ ಮೇಲೆಯೇ ಗುರುತು ಮಾಡಲು ಇದು ಅನುಕೂಲ. ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿದ ನಂತರವೇ ಇಂತಹ ಚೂಪು ಸಾಧನವನ್ನು ಮರಕ್ಕೆ ತಾಗಿಸಬೇಕು.

ವಸ್ತುಗಳ ಮೇಲೆ ಪ್ರಯೋಗ

ಬಟ್ಟಲು: ಬಾಯಿಯ ವ್ಯಾಸ 240 ಮಿ.ಮೀ. ಆದರೆ, ಮೇಲಿನ ಸಾಲಿನಂತೆ ಆಳವಾದ ಬಟ್ಟಲಿಗೆ ಎತ್ತರ 148, ಹರವಾದ ಬಟ್ಟಲಿಗೆ 92 ಮಿ.ಮೀ. ಪಾದದ ವ್ಯಾಸ 92 ಮಿ.ಮೀ. ಮೂರನೇ ಒಂದು ಭಾಗದ ನಿಯಮ ಪಾಲಿಸುವವರು ಇದೇ ಪಾದವನ್ನು 80 ಮಿ.ಮೀ. ಮಾಡುತ್ತಾರೆ. ನೋಟಕ್ಕೆ ಇಡುವ ಬಟ್ಟಲಿಗೆ ಎರಡೂ ಒಪ್ಪುತ್ತವೆ. ಆದರೆ ಹಿಟ್ಟು ನಾದುವ ಬಟ್ಟಲಿನ ಅಂಚಿನ ಮೇಲೆ ಕೈಯ ಭಾರ ಬೀಳುವುದರಿಂದ ಅಲ್ಲಿ 92 ಮಿ.ಮೀ. ಪಾದವೂ ಸಾಲದೆ ಹೋಗಬಹುದು; 148 ಮಿ.ಮೀ. ವರೆಗೆ ಅಗಲಿಸುವುದು ಯೋಗ್ಯ.

ಹೂದಾನಿ: ಎತ್ತರ 260 ಮಿ.ಮೀ. ಇರುವ ಹೂದಾನಿಗೆ ಗರಿಷ್ಠ ವ್ಯಾಸ 161 ಮಿ.ಮೀ. ಈ ಗರಿಷ್ಠ ವ್ಯಾಸ ಎಷ್ಟು ಎತ್ತರದಲ್ಲಿ ಬರಬೇಕೆಂಬುದು ಇನ್ನೂ ಮುಖ್ಯ. ಪಾದದಿಂದ 161 ಮಿ.ಮೀ. ಮೇಲೆ, ಅಂದರೆ ಬಾಯಿಯಿಂದ 99 ಮಿ.ಮೀ. ಕೆಳಗೆ ಇಟ್ಟರೆ ಭುಜ ಎತ್ತಿದ ರೂಪ ದೊರೆಯುತ್ತದೆ. ತಲೆಕೆಳಗಾಗಿಸಿ ಪಾದದಿಂದ 99 ಮಿ.ಮೀ. ಮೇಲೆ ಇಟ್ಟರೆ ಭಾರ ಕೆಳಗಿಳಿದ ಗಟ್ಟಿ ರೂಪ ಬರುತ್ತದೆ. ನಡುಮಧ್ಯದಲ್ಲಿ ಇಟ್ಟರೆ ಆಕಾರವು ಚಲನೆಯಿಲ್ಲದಂತೆ ಕಾಣುವ ಸಂಭವ ಹೆಚ್ಚು. ಪಾದಕ್ಕೂ ಕೊರಳಿಗೂ 61 ಮಿ.ಮೀ. ಹೊಂದುತ್ತದೆ. ಸರಣಿಯಲ್ಲಿ ಮುಂದಿನದಾದ 38 ಮಿ.ಮೀ. ಕೊರಳು ನೋಡಲು ಚೆನ್ನಾಗಿದ್ದರೂ, ಅಷ್ಟು ಕಿರಿದಾದ ಬಾಯಿಯ ಮೂಲಕ ಉಳಿಯನ್ನು ಒಳಗೆ ಸರಿಸಿ ಹೊಟ್ಟೆಯನ್ನು ಟೊಳ್ಳು ಮಾಡುವುದು ಕಠಿಣ.

ಕರಡಿಗೆ: ಮುಚ್ಚಳವುಳ್ಳ ಕರಡಿಗೆಯ ಒಟ್ಟು ಎತ್ತರವನ್ನು 13 ಭಾಗ ಎಂದುಕೊಂಡರೆ, ಒಡಲಿಗೆ 8, ಮುಚ್ಚಳಕ್ಕೆ 5. ಒಟ್ಟು 130 ಮಿ.ಮೀ. ಆದರೆ 80 ಮತ್ತು 50 ಮಿ.ಮೀ.; ವ್ಯಾಸವೂ 80 ಮಿ.ಮೀ. ಇರಬಹುದು. ಮುಚ್ಚಳವು ಕೂರುವ ಸಂದಿನ ಗೆರೆ ಹೊರಗೆ ಕಾಣುವುದರಿಂದ, ಅದು ಬೀಳುವ ಸ್ಥಳವೇ ಇಡೀ ವಸ್ತುವಿನ ವಿಭಜನರೇಖೆಯಾಗುತ್ತದೆ. ಮುಚ್ಚಳದ ಒಳಸೇರುವ ಕಂಠದ ಎತ್ತರವನ್ನು ಈ ಲೆಕ್ಕಕ್ಕೆ ಸೇರಿಸಬಾರದು, ಆದರೆ ಮರದ ತುಂಡನ್ನು ಕತ್ತರಿಸುವಾಗ ಅದಕ್ಕೆ ಹೆಚ್ಚುವರಿ ಉದ್ದ ಬಿಡಬೇಕು.

ಮೇಜಿನ ಕಾಲು: 700 ಮಿ.ಮೀ. ಉದ್ದದ ಕಾಲನ್ನು 433 ಮತ್ತು 267 ಎಂದು ವಿಭಜಿಸಿ, ಆ ಗುರುತಿನಲ್ಲಿ ಪ್ರಧಾನ ಮಣಿಯನ್ನು ಕಡೆಯಬಹುದು. 267ನ್ನು ಮತ್ತೆ 165 ಮತ್ತು 102 ಎಂದು ಒಡೆದು ಎರಡನೆಯ, ಚಿಕ್ಕ ಮಣಿಗೆ ಸ್ಥಾನ ಕೊಡಬಹುದು. ಮೇಲ್ಭಾಗದಲ್ಲಿ ಚೌಕಟ್ಟಿಗೆ ಜೋಡಿಸಲು ಬಿಡಬೇಕಾದ ಚೌಕ ಭಾಗದ ಉದ್ದ ಮೊದಲೇ ನಿಶ್ಚಿತವಾಗಿರುತ್ತದೆ. ಆ ಭಾಗವನ್ನು ಕಳೆದು ಉಳಿದುದನ್ನಷ್ಟೇ ವಿಭಜಿಸುವುದೂ ಒಂದು ಕ್ರಮ.

ಇಳಿಕೆಯ ಸರಣಿಗಳು: ಒಂದರ ಮೇಲೊಂದು ಕೂರುವ ಬಳೆಗಳ ಆಟಿಕೆಯಂತಹ ವಸ್ತುಗಳಿಗೆ ಸುವರ್ಣ ಅನುಪಾತ ನೇರವಾಗಿ ಒಗ್ಗುವುದಿಲ್ಲ. 100 ಮಿ.ಮೀ.ಯಿಂದ ಆರಂಭಿಸಿದರೆ ಐದನೆಯ ಬಳೆ 15 ಮಿ.ಮೀ.ಗೆ ಇಳಿದುಬಿಡುತ್ತದೆ. ಇಂತಹ ಕಡೆ ಅದರ ವರ್ಗಮೂಲವಾದ 1.272ರಿಂದ ಭಾಗಿಸುತ್ತ ಹೋದರೆ 100, 79, 62, 49, 38 ಎಂಬ ಸೌಮ್ಯವಾದ ಇಳಿಕೆ ಸಿಗುತ್ತದೆ. ಒಂದು ಬಿಟ್ಟು ಒಂದರ ನಡುವೆ ಸುವರ್ಣ ಅನುಪಾತವೂ ಉಳಿಯುತ್ತದೆ.

ವಕ್ರರೇಖೆಗಳು

ಅಳತೆಗಳು ಸರಿಯಿದ್ದ ಮಾತ್ರಕ್ಕೆ ಆಕಾರ ಸರಿಯಾಗುವುದಿಲ್ಲ. ಒಂದು ಅಳತೆಯಿಂದ ಇನ್ನೊಂದಕ್ಕೆ ಸಾಗುವ ವಕ್ರರೇಖೆಯೂ ಮುಖ್ಯ. ಸುವರ್ಣ ಆಯತದಿಂದ ಒಂದು ಚೌಕವನ್ನು ತೆಗೆದರೆ ಉಳಿಯುವುದೂ ಸುವರ್ಣ ಆಯತವೇ. ಹೀಗೆ ಚೌಕಗಳನ್ನು ತೆಗೆಯುತ್ತ ಪ್ರತಿ ಚೌಕದಲ್ಲಿ ಕಾಲುವೃತ್ತ ಎಳೆದರೆ ಸುವರ್ಣ ಸುರುಳಿಗೆ ಹತ್ತಿರವಾದ ರೇಖೆ ಮೂಡುತ್ತದೆ. ಇದರ ಒಂದು ಭಾಗವನ್ನು ರಟ್ಟಿನಲ್ಲಿ ಕತ್ತರಿಸಿ, ಬಟ್ಟಲಿನ ಹೊರಮೈಗೆ ಅಚ್ಚಾಗಿ ಬಳಸುವುದುಂಟು. ಅಂಚಿನಿಂದ ಪಾದದ ಕಡೆಗೆ ಬಾಗು ನಿಧಾನವಾಗಿ ಬಿಗಿಯಾಗುತ್ತ ಹೋಗುವುದು ಇದರ ಗುಣ. ಸರಪಳಿಯ ಎರಡು ತುದಿಗಳನ್ನು ಹಿಡಿದು ಇಳಿಬಿಟ್ಟಾಗ ಮೂಡುವ ರೇಖೆ ಮತ್ತು ದೀರ್ಘವೃತ್ತದ ಭಾಗಗಳೂ ಇದೇ ಉದ್ದೇಶಕ್ಕೆ ಬಳಕೆಯಲ್ಲಿವೆ. ಯಾವ ರೇಖೆಯೇ ಆಗಲಿ, ನಡುವೆ ಚಪ್ಪಟೆ ಜಾಗವಾಗಲಿ ಉಬ್ಬಾಗಲಿ ಇದ್ದರೆ ಹೊಳಪು ಕೊಟ್ಟ ಮೇಲೆ ಬೆಳಕು ಅದನ್ನು ಬಯಲು ಮಾಡುತ್ತದೆ. ಕಣ್ಣಿಗೆ ಕಾಣದ ತಪ್ಪನ್ನು ಬೆರಳ ತುದಿ ಮೊದಲೇ ಗುರುತಿಸಬಲ್ಲದು.

ಮಿತಿಗಳು

ಮರದ ಕುಗ್ಗುವಿಕೆ: ಮರವು ಒಣಗುವಾಗ ಎಳೆಯ ಉದ್ದಕ್ಕೆ ಅತ್ಯಲ್ಪವಾಗಿ, ಅಡ್ಡಕ್ಕೆ ಗಣನೀಯವಾಗಿ ಕುಗ್ಗುತ್ತದೆ. ಅಡ್ಡದಲ್ಲಿಯೂ ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗುವಿಕೆಯು ತ್ರಿಜ್ಯದ ದಿಕ್ಕಿನದಕ್ಕಿಂತ ಸಾಮಾನ್ಯವಾಗಿ ಎರಡರಷ್ಟಿರುತ್ತದೆ. ಹಸಿಮರದಲ್ಲಿ 200 ಮಿ.ಮೀ. ವ್ಯಾಸ ಮತ್ತು 124 ಮಿ.ಮೀ. ಎತ್ತರಕ್ಕೆ ಕಡೆದ ಬಟ್ಟಲು ಎಳೆಗೆ ಅಡ್ಡವಾಗಿ ಶೇಕಡ 6ರಷ್ಟು ಕುಗ್ಗಿತೆಂದುಕೊಂಡರೆ, ಬಾಯಿಯು ಒಂದು ದಿಕ್ಕಿನಲ್ಲಿ ಸುಮಾರು 200, ಇನ್ನೊಂದು ದಿಕ್ಕಿನಲ್ಲಿ 188 ಮಿ.ಮೀ. ಆಗುತ್ತದೆ. ಎತ್ತರದ ಬದಲಾವಣೆಯನ್ನು ಪಕ್ಕಕ್ಕಿಟ್ಟರೂ ಅನುಪಾತ ಒಂದು ಬದಿಯಿಂದ 1.61, ಇನ್ನೊಂದು ಬದಿಯಿಂದ 1.52. ಆದ್ದರಿಂದ ಮೊದಲ ಕಡೆತದಲ್ಲಿ ಗೋಡೆಯನ್ನು ವ್ಯಾಸದ ಹತ್ತನೇ ಒಂದರಷ್ಟು ದಪ್ಪ ಬಿಟ್ಟು, ತಿಂಗಳುಗಟ್ಟಲೆ ಒಣಗಿಸಿ, ಎರಡನೆಯ ಕಡೆತದಲ್ಲಿ ಮತ್ತೆ ವೃತ್ತಾಕಾರಕ್ಕೆ ತರುವುದು ವಾಡಿಕೆ. ಅಂತಿಮ ಅಳತೆಗಳನ್ನು ನಿಶ್ಚಯಿಸಬೇಕಾದದ್ದು ಈ ಎರಡನೆಯ ಹಂತದಲ್ಲಿ.

ನಿಖರತೆಯ ಪ್ರಶ್ನೆ: 200 ಮಿ.ಮೀ.ಗೆ ಸುವರ್ಣ ಅನುಪಾತದ ಚಿಕ್ಕ ಅಳತೆ 123.6 ಮಿ.ಮೀ.; 8ಕ್ಕೆ 5ರ ಲೆಕ್ಕದಲ್ಲಿ 125 ಮಿ.ಮೀ. ಈ 1.4 ಮಿ.ಮೀ. ವ್ಯತ್ಯಾಸವು ಮರದ ಕುಗ್ಗುವಿಕೆಯ ಮುಂದೆ ನಗಣ್ಯ. ಮೂರು ದಶಮಾಂಶಗಳ ಲೆಕ್ಕ ಕಾಗದಕ್ಕೆ ಸೀಮಿತ.

ನೋಟದ ಕೋನ: ನಕ್ಷೆಯಲ್ಲಿನ ಅನುಪಾತವು ವಸ್ತುವನ್ನು ನೇರವಾಗಿ ಪಕ್ಕದಿಂದ ನೋಡಿದಾಗ ಮಾತ್ರ ಸರಿ. ಮೇಜಿನ ಮೇಲಿನ ಬಟ್ಟಲನ್ನು ನಾವು ಮೇಲಿನಿಂದ ಓರೆಯಾಗಿ ನೋಡುತ್ತೇವೆ. 30 ಡಿಗ್ರಿ ಕೋನದಿಂದ ನೋಡಿದಾಗ 148 ಮಿ.ಮೀ. ಎತ್ತರ ಸುಮಾರು 128 ಮಿ.ಮೀ.ಯಷ್ಟು ಮಾತ್ರ ತೋರುತ್ತದೆ. ವೃತ್ತಾಕಾರದ ಬಾಯಿ ತನ್ನ ಅಗಲದ ಅರ್ಧದಷ್ಟು ಎತ್ತರದ ದೀರ್ಘವೃತ್ತವಾಗಿ ಕಾಣುತ್ತದೆ. ಕಡೆದ ವಸ್ತುವನ್ನು ಯಂತ್ರದಿಂದ ಬಿಡಿಸುವ ಮೊದಲು, ಅದು ಇರಬೇಕಾದ ಎತ್ತರದಲ್ಲಿ ಕಲ್ಪಿಸಿಕೊಂಡು ನೋಡುವುದು ಇದಕ್ಕಾಗಿಯೇ.

ವಸ್ತು ಮತ್ತು ಯಂತ್ರ: ಮರದಲ್ಲಿ ಅನಿರೀಕ್ಷಿತವಾಗಿ ಎದುರಾಗುವ ಬಿರುಕು, ಗಂಟು, ಯಂತ್ರದ ಹಾಸಿನಿಂದ ಅಕ್ಷದವರೆಗಿನ ಎತ್ತರ, ಹಿಡಿಕೆಯ ದವಡೆಗಳ ಅಳತೆ ಇವೆಲ್ಲ ಲೆಕ್ಕವನ್ನು ಬದಲಿಸುತ್ತವೆ. ಬಿರುಕಿನಿಂದಾಗಿ ಎತ್ತರ 20 ಮಿ.ಮೀ. ಕಡಿಮೆಯಾದರೆ ಪಾದವನ್ನೂ ಹೊಟ್ಟೆಯ ಸ್ಥಾನವನ್ನೂ ಹೊಸ ಎತ್ತರಕ್ಕೆ ತಕ್ಕಂತೆ ಮರುಲೆಕ್ಕ ಮಾಡಬೇಕು. ಹಳೆಯ ಅಳತೆಗಳನ್ನೇ ಹಿಡಿದು ಕೂತರೆ ಅನುಪಾತ ಕೆಡುತ್ತದೆ.

ಚನ್ನಪಟ್ಟಣದ ಕಡೆತ

ಕರ್ನಾಟಕದಲ್ಲಿ ಮರದ ಕಡೆತಕ್ಕೆ ಹೆಸರಾದ ಊರು ಚನ್ನಪಟ್ಟಣ. ಇಲ್ಲಿನ ಆಟಿಕೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಹಾಲೆ ಮರದ ನಯವಾದ ತುಂಡನ್ನು ಲೇತಿನ ಮೇಲೆ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮೈಗೆ ಹತ್ತುತ್ತದೆ. ಈ ಗೊಂಬೆಗಳ ಅಳತೆಗಳು ಸುವರ್ಣ ಅನುಪಾತದ ಲೆಕ್ಕದಿಂದ ಹುಟ್ಟಿದವು ಎನ್ನುವುದು ಸರಿಯಲ್ಲ. ಕೈಪಳಗಿದ ಕುಶಲಕರ್ಮಿಯು ಒಂದೇ ಬಗೆಯ ವಸ್ತುವನ್ನು ಮತ್ತೆ ಮತ್ತೆ ಕಡೆದು ಅಳತೆಯನ್ನು ಕಣ್ಣಿನಲ್ಲಿಯೂ ಕೈಯಲ್ಲಿಯೂ ನೆಲೆಗೊಳಿಸಿಕೊಂಡಿರುತ್ತಾನೆ. ಗಣಿತದ ಅನುಪಾತವು ಹೆಚ್ಚಾಗಿ ನೆರವಾಗುವುದು ಇಂತಹ ಅಭ್ಯಾಸ ಇನ್ನೂ ಕೂಡಿಬರದ ಕಲಿಕೆಗಾರನಿಗೆ, ಅಥವಾ ಹಿಂದೆ ಮಾಡಿರದ ಹೊಸ ಆಕಾರವನ್ನು ಯೋಜಿಸುವವನಿಗೆ.

ಟೀಕೆ ಮತ್ತು ತಪ್ಪು ಕಲ್ಪನೆಗಳು

ಜರ್ಮನಿಯ ಗುಸ್ತಾವ್ ಫೆಕ್ನರ್ 1876ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತು ಆಯತಗಳ ಪೈಕಿ ಮೆಚ್ಚಿನದನ್ನು ಆರಿಸಲು ಕೇಳಿದಾಗ ಸುಮಾರು ಶೇಕಡ 35 ಜನರು ಸುವರ್ಣ ಆಯತವನ್ನು ಆರಿಸಿದರು. ನಂತರದ ಪ್ರಯೋಗಗಳ ಫಲಿತಾಂಶಗಳು ಏಕರೂಪವಾಗಿಲ್ಲ. ಆಯತದ ಕುರಿತ ಮೆಚ್ಚುಗೆಯನ್ನು ಮೂರು ಆಯಾಮದ ದುಂಡು ವಸ್ತುವಿಗೆ ಹಾಗೆಯೇ ಅನ್ವಯಿಸುವುದೂ ತರ್ಕಬದ್ಧವಲ್ಲ.

ಅಥೆನ್ಸಿನ ಪಾರ್ಥೆನಾನ್ ದೇವಾಲಯವನ್ನು ಸುವರ್ಣ ಅನುಪಾತದಲ್ಲಿ ಕಟ್ಟಲಾಗಿದೆ ಎಂಬ ಮಾತು ವ್ಯಾಪಕವಾಗಿದೆ. ಆದರೆ ಅದರ ಪೀಠದ ಉದ್ದ-ಅಗಲಗಳ ಅನುಪಾತ 9ಕ್ಕೆ 4. ನಾಟಿಲಸ್ ಶಂಖದ ಸುರುಳಿ ಸುವರ್ಣ ಸುರುಳಿ ಎಂಬುದೂ ತಪ್ಪು. ಸುವರ್ಣ ಸುರುಳಿಯು ಒಂದು ಪೂರ್ಣ ಸುತ್ತಿನಲ್ಲಿ 6.85 ಪಟ್ಟು ಹಿಗ್ಗುತ್ತದೆ. ಈ ಶಂಖವು ಸುಮಾರು ಮೂರು ಪಟ್ಟು ಮಾತ್ರ. ಅಮೆರಿಕದ ಗಣಿತಜ್ಞ ಜಾರ್ಜ್ ಮಾರ್ಕೊವ್‌ಸ್ಕಿ 1992ರ ಲೇಖನದಲ್ಲಿ ಇಂತಹ ಅನೇಕ ನಂಬಿಕೆಗಳನ್ನು ಪರಿಶೀಲಿಸಿದ್ದಾನೆ. ಸಿದ್ಧವಾದ ವಸ್ತುವಿನ ಮೇಲೆ ಅಳೆಯುವ ಬಿಂದುಗಳನ್ನು ಮನಬಂದಂತೆ ಆರಿಸಿಕೊಂಡರೆ ಯಾವ ಅನುಪಾತವನ್ನಾದರೂ ತೋರಿಸಬಹುದು ಎಂಬುದು ಈ ಬಗೆಯ ಟೀಕೆಯ ತಿರುಳು.

ಈ ಟೀಕೆಗಳು ಅನುಪಾತದ ಉಪಯೋಗವನ್ನು ಅಲ್ಲಗಳೆಯುವುದಿಲ್ಲ. ಅದರ ಸ್ಥಾನವನ್ನು ಗುರುತಿಸುತ್ತವೆ. ಸುವರ್ಣ ಅನುಪಾತವು ಕಡೆತದ ಆರಂಭದಲ್ಲಿ ತುಂಡಿನ ಮೇಲೆ ಪೆನ್ಸಿಲಿನಿಂದ ಹಾಕುವ ಮೊದಲ ಗುರುತು. ಆ ಗುರುತಿನಿಂದ ಕೆಲವು ಮಿಲಿಮೀಟರು ಹೊರಗೆ ಕಡೆತವನ್ನು ನಿಲ್ಲಿಸಿ, ಯಂತ್ರ ಆರಿಸಿ, ದೂರ ನಿಂತು ನೋಡಿ, ಇನ್ನೂ ತೆಗೆಯಬೇಕೇ ಎಂದು ನಿರ್ಧರಿಸುವುದು ಕಣ್ಣಿನ ಕೆಲಸ.

ಇವನ್ನೂ ನೋಡಿ

ಸುವರ್ಣ ಅನುಪಾತ
ಫಿಬೊನಾಚಿ ಸಂಖ್ಯೆಗಳು
ಲೇತ್ ಯಂತ್ರ
ಚನ್ನಪಟ್ಟಣದ ಗೊಂಬೆಗಳು